ಬಾಣಂತಿ ಕೋಣೆಯ ಬೆಕ್ಕು

ಮಸ್ತಾನಬಿ ಬಂದಾಗ ಬೆಳಿಗ್ಗೆ ಏಳೂವರೆ. ಕಂಕುಳಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ ಇತ್ತು. ಹೊಸ್ತಿಲ ಮೇಲೆ ಕುಕ್ಕರಿಸಿ ಬುಟ್ಟಿಯನ್ನು ಹಂಪಮ್ಮನವರ ಮುಂದೆ ಸರಿಸಿದಳು.

"ಹಂಪಕ್ಕ, ನಮ್ಮ ಬೆಕ್ಕು ಗುಡ್ಡಿ ಕೂಸಿನ ಉಸರು ಕುಡದು ಕೊಂದಾಳಂತ. ಬೆಕ್ಕಿಂದು ಬಿಡ್ರಿ, ಅದು ಹೋದ್ರ ಹೋಗ್ಲಿ. ಆ ಜ್ಯೋತಿನ ಉಳಸ್ರಿ. ಬೆಕ್ಕ ಒಳಗ ಬಿಟ್ಟಾಕಿ ಆಕಿನೇ ಅಂತ ಓಣಿ ತುಂಬ ಸಾರ್ಯಾರ."

ಹಂಪಮ್ಮ ಚಹಾದ ಬಟ್ಟಲು ಕೆಳಗಿಟ್ಟರು. ಮೂವತ್ತೊಂದು ವರ್ಷ ದನದ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿದ್ದು ನಿವೃತ್ತರಾದ ಹೆಂಗಸು. ಯಾರ ಎತ್ತಿಗೆ ಯಾರು ವಿಷ ಹಾಕಿದರು, ಕಳುವಾದ ಕುರಿ ಯಾರ ಹಿಂಡಿನಲ್ಲಿದೆ ಎಂಬಂಥ ತಕರಾರುಗಳನ್ನು ಸುರಪುರದ ಸುತ್ತಿನವರು ಠಾಣೆಗಿಂತ ಮೊದಲು ರಂಗಂಪೇಟೆಯ ಈ ಮನೆಗೆ ತರುತ್ತಿದ್ದರು. ಆ ಆಸ್ಪತ್ರೆಯ ಎದುರಿಗೇ ನನ್ನ ಪಶು ಔಷಧಿ ಅಂಗಡಿ. ಅಂಗಡಿ ತೆರೆಯುವ ಮೊದಲು ಅವರ ಮನೆಯಲ್ಲಿ ಚಹಾ ಕುಡಿಯುವುದು, ಅವರು ಹೊರಟಲ್ಲಿಗೆ ಮೋಟಾರ್ ಸೈಕಲ್ ಓಡಿಸುವುದು ನನಗೆ ಹತ್ತು ವರ್ಷದ ರೂಢಿ.

"ಮೊದಲಿಂದ ಹೇಳು," ಎಂದರು ಹಂಪಮ್ಮ.

ಮಸ್ತಾನಬಿಯ ಹಿತ್ತಲಿಗೆ ಬೆನ್ನು ಹಚ್ಚಿದ್ದು ಪಾರ್ವತಿಬಾಯಿಯ ಮನೆ. ಪಾರ್ವತಿಬಾಯಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಭೀಮರಾಯನ ಹೆಂಡತಿ ಜ್ಯೋತಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿಲ್ಲ. ಕಿರಿಯ ಶಿವರಾಜನ ಹೆಂಡತಿ ಉಮಾಶ್ರೀ ಹೆತ್ತು ಇಪ್ಪತ್ತೆರಡು ದಿನ. ಅವಳಿಗೆ ತಾಯಿ ಇಲ್ಲ, ಅದಕ್ಕೇ ಬಾಣಂತನ ಗಂಡನ ಮನೆಯಲ್ಲಿ. ಹಿಂದಿನ ರಾತ್ರಿ ಒಂಬತ್ತಕ್ಕೆ ಜ್ಯೋತಿ ಕೆಂಡದ ಶೇಗಡಿಯನ್ನು ತೊಟ್ಟಿಲ ಕೆಳಗಿಟ್ಟು, ಹೊರಗಿನಿಂದ ಬಾಗಿಲ ಚಿಲಕ ಹಾಕಿದ್ದಳು. ಬೆಳಗಿನ ಐದೂವರೆಗೆ ಪಾರ್ವತಿಬಾಯಿ ಚಿಲಕ ತೆಗೆದಾಗ ಕೂಸು ಸತ್ತಿತ್ತು. ಬೆಕ್ಕು ತೊಟ್ಟಿಲಲ್ಲಿ ಮಲಗಿತ್ತು.

"ಕೂಸು ಹೆಂಗಿತ್ತು?"

"ಒದರಿದ್ದ ಕೇಳಿ ನಾನೂ ಓಡಿ ಹೋಗಿದ್ದೆ. ಸತ್ತಂಗ ಕಾಣ್ತಿದ್ದಿಲ್ರಿ. ಗಲ್ಲ ಕೆಂಪಗ, ಮಲಗಿದಂಗ ಇತ್ತು. ಈಕಿ ಗುಡ್ಡಿ ಜಿಗದು ಬಟ್ಟಿ ಪೆಟಾರಿ ಮ್ಯಾಲ ಏರಾಕ ಹೋಗಿ ದೊಪ್ಪಂತ ಮಗ್ಗಲಾಗಿ ಬಿದ್ದಳು. ಹೊಟ್ಟಿ ತುಂಬ ಉಸರು ಕುಡದು ಅಮಲೇರ್ಯದ ಅಂದಳು ಪಾರ್ವತಿಬಾಯಿ. ಬೆಕ್ಕ ಕೊಂದ್ರ ಪಾಪ ಅಂತ ಚೀಲದಾಗ ಕಟ್ಟಿ ನಮ್ಮ ಹಿತ್ತಲಕ್ಕ ಒಗದು, ಕಾಲುವಿ ದಾಟಿಸಿ ಬಿಟ್ಟು ಬಾ ಅಂದ್ರು. ಮನಷೇರನ್ನ ನೋಯಿಸಿದ್ರ ಪಾಪ ಹತ್ತಲ್ಲೇನ್ರಿ? ಜ್ಯೋತಿಗಿ ದನದ ಕೊಟ್ಟಗಿ ತೋರಿಸ್ಯಾರ. ಶಹಾಪುರದಿಂದ ಆಕಿ ಅಣ್ಣನ ಕರೆಸ್ಯಾರ, ಸಂಜಿಗಿ ಕರಕೊಂಡು ಹೋಗ್ತಾನ. ಕೂಸ ಕೊಂದಾಕಿ ಅನ್ನಿಸ್ಕೊಂಡು ಹೋದ್ರ ತವರ್ಯಾಗ ಯಾರ ಇಟ್ಕೋತಾರ?"

ಹಂಪಮ್ಮ ಬಟ್ಟೆ ಸರಿಸಿದರು. ಬೂದು ಬಣ್ಣದ ಹೆಣ್ಣು ಬೆಕ್ಕು. ತಲೆ ಎತ್ತಲು ಹೋಗಿ ಮತ್ತೆ ಬುಟ್ಟಿಯ ಅಂಚಿಗೆ ಇಟ್ಟಿತು. ಗುರ್ ಗುರ್ ಎನ್ನುತ್ತಿತ್ತು.

"ಖುಷಿಯಾಗಿ ಅದಲ್ರಿ," ಎಂದೆ ನಾನು.

"ಯಾರು ಹೇಳಿದ್ರು ನಿನಗ? ನೋವಾದಾಗೂ ಬೆಕ್ಕು ಗುರ್ ಅಂತದ. ಸಾಯೋ ಮುಂದ ಗುರುಗುಟ್ಟಿದ್ದ ನಾ ನೋಡೀನಿ." ಅವರು ಬೆಕ್ಕಿನ ಮೇಲ್ದುಟಿ ಎತ್ತಿ ವಸಡು ನೋಡಿದರು. ಕೆಂಪಗಿತ್ತು, ಆಗಷ್ಟೇ ಕುಂಕುಮ ಹಚ್ಚಿದಂತೆ. ಕೆಂಪು ವಸಡು ಆರೋಗ್ಯದ ಗುರುತು ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡೆ. ಹಂಪಮ್ಮ ಅದರ ಮೊಲೆ ಒತ್ತಿ ನೋಡಿ, "ಇದು ಮರಿ ಹಾಕ್ಯದ. ಮರಿ ಎಲ್ಲವ?" ಎಂದರು.

"ನಾಕ ದಿನ ಆತ್ರಿ ಕಾಣವಲ್ವು. ಏಳು ಮನಿ ತಿರಗಸ್ತದಲ್ರಿ, ಎಲ್ಲಿಗೋ ಒಯ್ದದ."

"ಬೆಕ್ಕಿಗಿ ಏಳರ ಲೆಕ್ಕ ಬರಲ್ಲ. ನಿಮ್ಮನ್ಯಾಗ ಹೊಸ ನಾಯಿ ಬಂತೇನು?"

"ಹೌದ್ರಿ! ಮಗ ತಂದಾನ. ಹೋದ ವಾರ."

"ಅಂಜಿ ಒಯ್ದದ." ಅವರು ಬಟ್ಟೆ ಮುಚ್ಚಿದರು. "ಕೂಸಿನ ತಾಯಿ ಹೆಂಗದಾಳ?"

"ತಲಿ ಒಡಿತದ ಅಂತಾಳ. ಎರಡ ಸಲ ವಾಂತಿ ಮಾಡ್ಕೊಂಡಾಳ. ಬಾಣಂತಿಗಿ ಗಾಳಿ ಸೋಕ್ಯದ ಅಂತ ಅಲ್ಲೇ ಮಲಗಿಸ್ಯಾರ."

ಹಂಪಮ್ಮ ಚಪ್ಪಲಿ ಮೆಟ್ಟಿಕೊಳ್ಳದೆ ಎದ್ದರು. "ಬಸವಂತ, ಗಾಡಿ ತಗಿ. ಒಂದು ಆಟೋಕ್ಕ ಫೋನ್ ಮಾಡು."

ಮನೆಯ ಮುಂದೆ ಓಣಿಯ ಗಂಡಸರು ಕೂಸಿನ ಮಣ್ಣಿನ ಸಿದ್ಧತೆಯಲ್ಲಿದ್ದರು. ಪಾರ್ವತಿಬಾಯಿ ಕಟ್ಟೆಯ ಮೇಲೆ ನಿಂತು, ಬಂದವರಿಗೆಲ್ಲ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ದನಿಯ ಹೆಂಗಸು. ಅಳು ಬತ್ತಿ ದನಿ ಮಾತ್ರ ಉಳಿದಿತ್ತು.

ಹಂಪಮ್ಮ ನೇರ ಒಳಗೆ ಹೋಗಿ, ಉಮಾಶ್ರೀಯ ರಟ್ಟೆ ಹಿಡಿದು ನಡೆಸಿಕೊಂಡು ಬಂದರು. ಹುಡುಗಿಗೆ ಕಾಲು ಊರಲು ಆಗುತ್ತಿರಲಿಲ್ಲ.

"ಬಾಣಂತಿನ ಹೊರಗ ತಗದೀರಲ್ಲ! ತಿಂಗಳ ತುಂಬಿಲ್ಲ!" ಪಾರ್ವತಿಬಾಯಿ ಅಡ್ಡ ಬಂದಳು.

"ಇನ್ನೊಂದು ಹೆಣ ಬೇಕಂದ್ರ ಒಳಗ ಮಲಗಿಸು," ಎಂದರು ಹಂಪಮ್ಮ. ಚೀಟಿಯಲ್ಲಿ ಎರಡು ಸಾಲು ಬರೆದು ಮಸ್ತಾನಬಿಯ ಕೈಗೆ ಕೊಟ್ಟು, ಉಮಾಶ್ರೀಯ ಜೊತೆ ಅವಳನ್ನೂ ಆಟೋದಲ್ಲಿ ಸರಕಾರಿ ಆಸ್ಪತ್ರೆಗೆ ಕಳಿಸಿದರು. "ಚೀಟಿ ಡಾಕ್ಟ್ರ ಕೈಯಾಗ ಕೊಡು," ಎಂದು ಅವಳಿಗೂ, "ಅವರ ಮಾತು ಬರೋತನ ಕೂಸಿಗಿ ಮಣ್ಣು ಕೊಡಬ್ಯಾಡ್ರಿ," ಎಂದು ಗಂಡಸರಿಗೆ ಹೇಳಿದರು. ಯಾರೋ ಗೊಣಗಿದರು. ಹಂಪಮ್ಮ ತಿರುಗಿ ನೋಡಲಿಲ್ಲ.

ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿರಲಿಲ್ಲ. ನನ್ನನ್ನು ಹಿತ್ತಲ ಕಡೆ ಕಿಟಕಿಗೆ ಕಳಿಸಿದರು. ಕೋಣೆಗೆ ಇರುವುದು ಅದೊಂದೇ ಕಿಟಕಿ, ಮೊಣಕೈ ಉದ್ದದ್ದು. ಬಾಗಿಲಿಲ್ಲ, ಕಬ್ಬಿಣದ ಸರಳು ಮಾತ್ರ. ಈಗ ತೆರೆದಿತ್ತು. ಸರಳುಗಳಿಗೆ ಗೋಣಿಚೀಲದ ಎಳೆಗಳು ಸಿಕ್ಕಿಕೊಂಡಿದ್ದವು. ಚೌಕಟ್ಟಿನ ಸುತ್ತ ಮೆತ್ತಿದ ಮಣ್ಣು ಇನ್ನೂ ಹಸಿ. ಕೆಳಗೆ ಬಿದ್ದ ಮಣ್ಣಿನ ಹೆಂಟೆಗಳ ಮೇಲೆ ಗೋಣಿಯ ನೇಯ್ಗೆಯ ಅಚ್ಚು ಮೂಡಿತ್ತು.

"ಕಿಡಿಕಿಗಿ ಯಾರು ಮಣ್ಣ ಮೆತ್ತಿದ್ರು?" ಹಂಪಮ್ಮ ಒಳಗಿನಿಂದ ಕೇಳಿದ್ದು ನನಗೂ ಕೇಳಿಸಿತು.

"ನಾನೇ ಮೆತ್ತೀನಿ," ಎಂದಳು ಪಾರ್ವತಿಬಾಯಿ. "ಆ ದರಿದ್ರ ಬೆಕ್ಕು ನಿನ್ನಿ ಕಿಡಿಕ್ಯಾಗ ಕುಂತಿತ್ತು. ದೀಪ ಹಚ್ಚೋ ಹೊತ್ತಿಗಿ ಗೋಣಿಚೀಲ ತುರುಕಿ, ಮ್ಯಾಲ ಮಣ್ಣ ಮೆತ್ತೀನಿ. ಇರುವಿ ಸೈತ ತೂರಬಾರದು ಹಂಗ. ರಾತ್ರಿ ಚಿಲಕ ಹಾಕಿದ ಮ್ಯಾಲ ಬಾಗಲ ಬುಡಕ್ಕ ಕೌದಿ ಇಟ್ಟೀನಿ. ಅಂದ್ರ ಬೆಕ್ಕು ಎಲ್ಲಿಂದ ಬಂತು? ಬಾಗಲ ತಗದಾಕಿ ಒಬ್ಬಾಕಿನೇ. ಹೇಳ್ರಿ ನೀವ!"

"ಮತ್ತ ಗೋಣಿ ಎಲ್ಲ್ಯದ?"

"ಯಾರೋ ಕಿತ್ತಾರ. ಬಾಣಂತಿಗಿ ಸಂಕಟ ಆಗಾಕತ್ತಿತ್ತಲ್ಲ. ನಾ ಓಣ್ಯಾಗಿದ್ದೆ, ನೋಡಿಲ್ಲ."

ಒಳಗೆ ಶೇಗಡಿಯ ಬೂದಿ ಕೆದರುವ ಸದ್ದು ಕೇಳಿಸಿತು. ಆಮೇಲೆ ಹಂಪಮ್ಮ ಕಿಟಕಿಯ ಹತ್ತಿರ ಬಂದು ತೊಟ್ಟಿಲ ಬಟ್ಟೆಯನ್ನು ಸರಳಿನ ಸಂದಿಯಿಂದ ನನ್ನ ಕೈಗಿಟ್ಟರು. "ಮೂಸು."

ಮೂಸಿದೆ. ಹಾಲು, ಎಣ್ಣೆ, ಸ್ವಲ್ಪ ಅಜವಾನದ ವಾಸನೆ.

"ಸಗಣಿ ಕುಳ್ಳಿನ ಹೊಗಿ ವಾಸನಿ?"

"ಇಲ್ರಿ."

"ಶೇಗಡ್ಯಾಗ ಮಾತ್ರ ಕುಳ್ಳಿನ ಬೂದಿ ಅದ. ರಾತ್ರಿಯೆಲ್ಲ ಕುಳ್ಳು ಉರಿದ ಕೋಣ್ಯಾಗ ನಿನ್ನಿ ಒಗದು ಹಾಸಿದ ಬಟ್ಟಿಗಿ ಹೊಗಿ ಹತ್ತಿಲ್ಲ." ಅವರು ಮುಷ್ಟಿ ಮಾಡಿ ಎರಡು ಸರಳುಗಳ ನಡುವೆ ತೂರಿಸಿ ಹೊರಗೆ ಚಾಚಿದರು. ಸಲೀಸಾಗಿ ಬಂತು. ಮತ್ತೆ ಒಳಗೆ ಹೋಗಿ, ಅಟ್ಟದ ಮೇಲೆ ಪೇರಿಸಿದ್ದ ಕೌದಿಗಳ ಹಿಂದೆ ಕೈ ಹಾಕಿ ತಡಕಾಡಿದರು. ಏನು ಸಿಕ್ಕಿತೆಂದು ಆಗ ಹೇಳಲಿಲ್ಲ. ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಹೊರಗೆ ಬಂದರು.

ಜ್ಯೋತಿ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ತುಂಬಿದ ಚೀಲ. ಅತ್ತಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು.

"ಶೇಗಡಿ ನೀ ತುಂಬಿದೇನು?"

"ಇಲ್ರಿ. ತುಂಬಿ ಅಂಗಳದಾಗ ಇಟ್ಟಿತ್ತು. ಅತ್ತಿ ತುಂಬ್ಯಾರ ಅನ್ಕೊಂಡೆ. ಕೆಂಡ ನಿಗಿನಿಗಿ ಇದ್ವು, ಹೊಗಿ ಇದ್ದಿಲ್ಲ. ಒಳಗಿಟ್ಟು ಅಜವಾನ ಹಾಕ್ದೆ, ಚಿಲಕ ಹಾಕ್ದೆ. ಬೆಕ್ಕ ನಾ ನೋಡೇ ಇಲ್ರಿ."

"ನಿನ್ನ ಗಂಡ ಏನಂತಾನ?"

"ಅವರು ಏನೂ ಅನ್ನಲ್ರಿ," ಎಂದಳು. ಹೌದು, ಭೀಮರಾಯ ಬೆಳಗಿನಿಂದ ಅಂಗಳದ ಬೇವಿನ ಗಿಡಕ್ಕೆ ಒರಗಿ ನಿಂತೇ ಇದ್ದ.

ಶಿವರಾಜ ಪಡಸಾಲೆಯಲ್ಲಿ ಕೂಸಿನ ಪಕ್ಕ ಕೂತಿದ್ದ. ಶಹಾಪುರ ರಸ್ತೆಯ ಧಾಬಾ ಒಂದರಲ್ಲಿ ಇದ್ದಿಲ ಒಲೆಯ ಮುಂದೆ ರೊಟ್ಟಿ ಸುಡುವ ಕೆಲಸ. ಬಾಣಂತನ ಮುಗಿಯುವವರೆಗೆ ಹಗಲು ಪಾಳಿ ಮಾತ್ರ ಮಾಡುತ್ತಿದ್ದ. ಶೇಗಡಿ ತುಂಬಿದ್ದು ಯಾರೆಂದು ಹಂಪಮ್ಮ ಕೇಳಿದರೆ, "ಹೆಂಗಸರ ಕೆಲಸರಿ, ನನಗೇನ ಗೊತ್ತು," ಎಂದ. ಬೆಕ್ಕು ಕಿಟಕಿಯಿಂದ ಒಳಗೆ ಹೋಗಿ ಬಂದು ಮಾಡುತ್ತಿತ್ತೇ ಎಂದು ಕೇಳಿದರೆ, "ಸರಳು ಭಾಳ ಒತ್ತೊತ್ತು ಅದಾವ, ಬೆಕ್ಕು ತೂರಲ್ಲ," ಎಂದ.

ಹೊರಗೆ ಬಂದ ಮೇಲೆ ಹಂಪಮ್ಮ ನನಗೆ ಹೇಳಿದರು: "ಆ ಧಾಬಾಕ್ಕ ಹೋಗು. ಇದ್ದಲಿ ಒಲಿ ಮುಂದ ಯಾರಿಗಾದ್ರೂ ಏನಾದ್ರೂ ಆಗಿತ್ತೇನು ಅಂತ ಕೇಳ್ಕೊಂಡು ಬಾ."

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಉಮಾಶ್ರೀಗೆ ಆಮ್ಲಜನಕ ಹಚ್ಚಿದ್ದರು, ಜೀವಕ್ಕೆ ಅಪಾಯವಿರಲಿಲ್ಲ. ವೈದ್ಯರು ಠಾಣೆಗೆ ತಿಳಿಸಿದ್ದರಿಂದ ಜಮಾದಾರ ಬಂದು ಕೂಸನ್ನು ಪರೀಕ್ಷೆಗೆ ಕಳಿಸಿದ. ನಾಲ್ಕು ಗಂಟೆಗೆ ಜ್ಯೋತಿಯ ಅಣ್ಣ ಟಂಟಂ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಹಂಪಮ್ಮ ಎಲ್ಲರನ್ನೂ ಪಡಸಾಲೆಗೆ ಕರೆದರು. ಪಾರ್ವತಿಬಾಯಿ, ಇಬ್ಬರು ಗಂಡುಮಕ್ಕಳು, ಜಮಾದಾರ, ಆಸ್ಪತ್ರೆಯಿಂದ ಮರಳಿದ್ದ ಮಸ್ತಾನಬಿ. ಜ್ಯೋತಿ ಒಳಗೆ ಬರಲಿಲ್ಲ. ಬಾಗಿಲ ಹೊರಗೆ ಅಣ್ಣನ ಪಕ್ಕ ನಿಂತಳು.

"ಮೊದಲ ಇದನ್ನ ನೋಡ್ರಿ," ಎಂದು ಹಂಪಮ್ಮ ಒಂದು ಬಟ್ಟೆಯ ಗಂಟು ಬಿಚ್ಚಿದರು. ಕಣ್ಣು ಆಗಷ್ಟೇ ಬಿಟ್ಟಿದ್ದ ಮೂರು ಬೆಕ್ಕಿನ ಮರಿಗಳು. ಮೂರೂ ಸತ್ತಿದ್ದವು.

"ಇವು ಅಟ್ಟದ ಮ್ಯಾಲ, ಕೌದಿ ಹಿಂದ ಇದ್ವು. ನಾಯಿಗಂಜಿ ತಾಯಿ ಇವನ್ನ ನಾಕ ದಿನದ ಹಿಂದ ಇಲ್ಲಿಗಿ ತಂದದ. ಬಾಣಂತಿ ಕೋಣಿಗಿಂತ ಬೆಚ್ಚಗ, ಗಪ್‌ಚುಪ್ ಇರೋ ಜಾಗ ಎಲ್ಲಿ ಸಿಗ್ತದ? ನನ್ನ ಮುಷ್ಟಿ ತೂರೋ ಸರಳಿನ್ಯಾಗ ಬೆಕ್ಕಿನ ತಲಿ ತೂರ್ತದ. ತಲಿ ತೂರಿದ್ರ ಮೈ ತೂರ್ತದ. ಪಾರ್ವತಿಬಾಯಿ, ನೀ ಕಿಡಿಕಿ ಮುಚ್ಚಿದಾಗ ಬೆಕ್ಕು ಮರಿಗಿ ಹಾಲುಣಿಸಿಕೋತ ಒಳಗೇ ಇತ್ತು. ಅದನ್ನ ಯಾರೂ ಒಳಗ ಬಿಟ್ಟಿಲ್ಲ. ನೀ ಒಳಗಿಟ್ಟು ಮುಚ್ಚೀದಿ."

ಪಾರ್ವತಿಬಾಯಿ ಬಾಯಿ ತೆರೆದಳು. "ಒಳಗೇ ಇದ್ದರ ಏನಾತು? ಉಸರು ಕುಡದದ್ದು ಕುಡದದ!"

"ಹಂಗಾರ ತನ್ನ ಮರಿ ಉಸರೂ ಅದೇ ಕುಡೀತೇನು?"

ಪಾರ್ವತಿಬಾಯಿ ಮರಿಗಳ ಕಡೆ ನೋಡಿದಳು.

"ಬೆಕ್ಕು ಉಸರು ಕುಡಿಯಲ್ಲ. ತೊಟ್ಟಿಲದಾಗ ಮಲಗಿದ್ದು ಬೆಚ್ಚಗಿತ್ತಂತ. ಎದ್ದಾಗ ಜಿಗದು ಮಗ್ಗಲಾಗಿ ಬಿತ್ತು ಅಂದ್ರಿ. ಬೆಕ್ಕು ಎಲ್ಲಿಂದ ಬಿದ್ರೂ ಕಾಲ ಮ್ಯಾಲೇ ಬೀಳ್ತದ ಅಂತೀವಿ. ಅದೂ ಪೂರಾ ಖರೇ ಅಲ್ಲ, ಬಿದ್ದು ಸೊಂಟ ಮುರಕೊಂಡ ಬೆಕ್ಕಿಗಿ ನಾನೇ ಪಟ್ಟಿ ಕಟ್ಟೀನಿ. ಆದ್ರ ಗಟ್ಟಿಮುಟ್ಟ ಬೆಕ್ಕು ಪೆಟಾರಿ ಎತ್ತರಕ್ಕ ಜಿಗಿಯಾಕ ತಪ್ಪಲ್ಲ. ಅದಕ್ಕ ಏನೋ ಆಗಿತ್ತು. ವಸಡು ಹಣ್ಣ ಮೆಣಸಿನಕಾಯಂಗ ಕೆಂಪಿದ್ವು. ಕೂಸಿನ ಗಲ್ಲಾನೂ ಕೆಂಪಿದ್ವು. ಬಾಣಂತಿಗಿ ತಲಿನೋವು, ವಾಂತಿ. ಕೋಣ್ಯಾಗಿದ್ದ ಎಲ್ಲ ಜೀವಕ್ಕೂ ಒಂದೇ ರೋಗ. ಹಿಂದೊಮ್ಮೆ ಕೆಂಭಾವಿ ಕಡಿ ಕೋಳಿ ಶೆಡ್‌ನ್ಯಾಗ ಚಳಿಗಂತ ಇದ್ದಲಿ ಕೆಂಡ ಇಟ್ಟು ಪರದಿ ಬಿಗದಿದ್ರು. ಬೆಳಗಾಗೂದ್ರಾಗ ನಾಕನೂರು ಮರಿ ಸತ್ತಿದ್ವು. ಕೊಯ್ದು ನೋಡಿದ್ರ ಮಾಂಸ ಹಿಂಗೇ ಕೆಂಪು. ಇದ್ದಲಿ ಗಾಳಿಗಿ ವಾಸನಿಲ್ಲ, ಬಣ್ಣಿಲ್ಲ. ರಕ್ತದಾಗ ಕುಂತು ಉಸರು ಹಿಡೀತದ. ಕೂಸಿನ ತೊಟ್ಟಿಲ ಕೆಂಡದ ಮ್ಯಾಲೇ ಇತ್ತು. ತಾಯಿ ಬಾಗಲ ಹಂತ್ಯಾಕ ಮಲಗಿದ್ದಳು, ಬಾಗಲ ಮಗ್ಗಲ ಸಂದ್ಯಾಗಿನ ಚೂರು ಗಾಳಿಗಿ ಉಳದಾಳ. ಡಾಕ್ಟ್ರು ರಕ್ತ ನೋಡಿ ಇದನ್ನೇ ಬರದಾರ." ಜಮಾದಾರ ತಲೆಯಾಡಿಸಿದ.

"ಆದ್ರ ನಾವು ಕುಳ್ಳು ಹಾಕ್ತೀವಿ," ಎಂದಳು ಪಾರ್ವತಿಬಾಯಿ. ದನಿ ಇಳಿದಿತ್ತು. "ನಮ್ಮತ್ತಿ ಕಾಲದಿಂದ ಕುಳ್ಳೇ."

"ಕುಳ್ಳು ಹೊಗಿ ಬಿಡ್ತದ. ಹೊಗಿಗಿ ಕಣ್ಣುರಿದು ಯಾರರ ಬಾಗಲ ತಗೀತಾರ, ಹಂಗಾಗಿ ಜೀವ ಉಳೀತಾವ. ನಿನ್ನಿ ಶೇಗಡ್ಯಾಗ ಹೊಗಿ ಇದ್ದಿಲ್ಲ ಅಂತ ಜ್ಯೋತಿ ಹೇಳ್ಯಾಳ, ತೊಟ್ಟಿಲ ಬಟ್ಟಿನೂ ಅದನ್ನೇ ಹೇಳ್ತದ. ಬೂದಿ ಕೆದರಿದ್ರ ತಳದಾಗ ಇದ್ದಲಿ ಚೂರು ಅಂಟ್ಯಾವ. ಅಂದ್ರ ರಾತ್ರಿ ಉರದದ್ದು ಇದ್ದಲಿ. ಬೆಳಿಗ್ಗಿ ಯಾರೋ ಅದನ್ನ ಚೆಲ್ಲಿ, ಮ್ಯಾಲ ಕುಳ್ಳಿನ ಬೂದಿ ಸುರದಾರ. ಅವರೇ ಗೋಣಿ ಕಿತ್ತಾರ. ಇಲ್ಲಿ ನನಗ ಕೆಲಸ ಸಲೀಸಾತು. ಬೆಕ್ಕೇ ಕೊಂದದ ಅಂತ ನಂಬಿದವರು ಇದ್ದಲಿ ಯಾಕ ಮುಚ್ಚಿಡ್ತಾರ? ಇದ್ದಲಿ ಕೊಲ್ತದ ಅಂತ ಗೊತ್ತಿದ್ದವರೇ ಮುಚ್ಚಿಡಬೇಕು. ಬಸವಂತ, ಧಾಬಾದಾಗ ಏನ ಹೇಳಿದ್ರು?"

ನಾನು ಹೇಳಿದೆ. ಹೋದ ಚಳಿಗಾಲ ಅಲ್ಲಿ ಇಬ್ಬರು ಆಳುಗಳು ಒಲೆಯ ಕೆಂಡವನ್ನು ಬಾಣಲೆಯಲ್ಲಿ ಇಟ್ಟುಕೊಂಡು, ಶಟರ್ ಎಳೆದು ಮಲಗಿ ಎಚ್ಚರ ತಪ್ಪಿದ್ದರು. ಶಟರ್ ಎತ್ತಿ ಅವರನ್ನು ಹೊರಗೆ ಎಳೆದು ಹಾಕಿದವನು ಶಿವರಾಜ. ಅಂದಿನಿಂದ ಹೊಸಬರು ಬಂದರೆ ಶಟರ್ ಮುಚ್ಚಬೇಡಿ ಎಂದು ಹೇಳುವವನೂ ಅವನೇ.

ಎಲ್ಲರೂ ಶಿವರಾಜನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ.

"ಹೊಗಿಗಿ ಕೂಸು ಕೆಮ್ಮತಿತ್ತು," ಎಂದ ಕೊನೆಗೆ. "ಅದಕ್ಕ ಧಾಬಾದಿಂದ ಇದ್ದಲಿ ತಂದೆ. ಕಿಡಿಕಿ ತೆರದದ, ಏನ ಆಗಲ್ಲ ಅನ್ಕೊಂಡೆ. ತುಂಬಿಟ್ಟು ಹೊರಗ ಹೋದೆ. ಅವ್ವ ಮಣ್ಣ ಮೆತ್ಯಾಳಂತ ನನಗ ಗೊತ್ತಿದ್ದಿಲ್ರಿ. ಬೆಳಿಗ್ಗಿ ಒಳಗ ಹೋಗಿ ಕಿಡಿಕಿ ನೋಡಿದೆ. ಆಗ ಗೊತ್ತಾತು."

"ಗೊತ್ತಾದ ಮ್ಯಾಲ?"

"ಅವ್ವಗ ಹೆಂಗ ಹೇಳ್ಲಿ? ಮೊಮ್ಮಗನ್ನ ನೀನು, ನಾನು ಕೂಡಿ ಕೊಂದೀವಿ ಅಂತ ಹೇಳ್ಲೇನು? ಅಷ್ಟರಾಗ ಅವ್ವ ಬೆಕ್ಕು ಅಂತ ಒದರಾಕತ್ತಿದ್ದಳು. ಬೆಕ್ಕೇ ಆಗ್ಲಿ ಅಂತ ಬಿಟ್ಟೆ."

"ಬೆಕ್ಕಿಗಿ ಮುಗೀಲಿಲ್ಲ. ನಿನ್ನ ವೈನಿ ಜ್ಯೋತಿಗಿ ಹತ್ತಿತು. ಅದನ್ನೂ ಬಿಟ್ಟಿ. ಸರಳಿನ್ಯಾಗ ಬೆಕ್ಕು ತೂರಲ್ಲ ಅಂತ ಸುಳ್ಳೂ ಹೇಳಿದಿ. ನಿನ್ನ ಹೆಂಡ್ತಿ ಆ ವಿಷದಾಗ ಬಿದ್ದು ವಾಂತಿ ಮಾಡ್ಕೋತಿದ್ರ ಆಸ್ಪತ್ರಿಗಿ ಒಯ್ದಿಲ್ಲ, ಡಾಕ್ಟ್ರು ಕೇಳ್ತಾರಂತ." ಹಂಪಮ್ಮನವರ ದನಿ ಏರಲೇ ಇಲ್ಲ. "ಇದ್ದಲಿ ಇಟ್ಟದ್ದು ತಪ್ಪು ತಿಳುವಳಿಕಿ. ಉಳದದ್ದು ತಿಳುವಳಿಕಿ ಇಟ್ಕೊಂಡು ಮಾಡೀದಿ."

ಜಮಾದಾರ ಶಿವರಾಜನಿಗೆ ಠಾಣೆಗೆ ಬಂದು ಹೇಳಿಕೆ ಕೊಡಲು ಹೇಳಿದ. ಅವನು ಎದ್ದು, ತಾಯಿಯ ಕಡೆ ನೋಡದೆ ಹೋದ. ಪಾರ್ವತಿಬಾಯಿ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಉಗುರ ಸಂದಿಯಲ್ಲಿ ಕಿಟಕಿಯ ಮಣ್ಣು ಇನ್ನೂ ಇತ್ತು. ಆಮೇಲೆ ಬಾಗಿಲ ಕಡೆ ತಿರುಗಿ, "ಒಳಗ ಬಾರವ್ವ ಜ್ಯೋತಿ," ಎಂದಳು.

ಭೀಮರಾಯ ಬಂದು ಹೆಂಡತಿಯ ಚೀಲಕ್ಕೆ ಕೈ ಹಾಕಿದ. ಜ್ಯೋತಿ ಚೀಲ ಬಿಡಲಿಲ್ಲ.

"ಒಳಗ ಬರಬೇಕಂದ್ರ ಒಂದು ಮಾತದರಿ, ಅತ್ತಿ," ಎಂದಳು. "ಬೆಳಿಗ್ಗಿಂದ ನನ್ನ ಹೆಸರ ಹೇಳ್ಕೋತ ಎಷ್ಟು ಮನಿ ಅಡ್ಡಾಡೀರಿ, ಅಷ್ಟು ಮನಿಗೂ ಹೋಗಿ ಈಗ ಕೇಳಿದ್ದ ಹೇಳಿ ಬರ್ರಿ. ನೀವೇ ಹೇಳಬೇಕು. ಅಲ್ಲೀತನ ನಾ ಇಲ್ಲೇ ನಿಂದರ್ತೀನಿ."

"ನನ್ನ ಕೈಲೇ ಕೂಸು ಹೋತು ಅಂತ ನಾನೇ ಹೇಳ್ಲೇನು?"

"ನನ್ನ ಕೈಲೇ ಹೋತು ಅಂತ ಹೇಳಿದ್ರಲ್ಲ."

ಮಸ್ತಾನಬಿ ಏನೋ ಹೇಳಲು ಬಾಯಿ ತೆರೆದಳು. ಹಂಪಮ್ಮ ಅವಳ ಮೊಣಕೈ ಮುಟ್ಟಿದರು. ಪಾರ್ವತಿಬಾಯಿ ಸೆರಗು ತಲೆಗೆ ಎಳೆದುಕೊಂಡು ಕಟ್ಟೆ ಇಳಿದಳು. ಓಣಿಯ ಮೊದಲ ಮನೆ ದೇವಕಮ್ಮನದು. ಬಾಗಿಲು ತೆರೆದೇ ಇತ್ತು, ದೇವಕಮ್ಮ ಹೊರಗೆ ಬಂದು ನಿಂತಳು. ಪಾರ್ವತಿಬಾಯಿ ಅವಳ ಮುಂದೆ ನಿಂತು ತುಟಿ ಅಲುಗಿಸಿದಳು. ಮಾತು ಹೊರಡಲಿಲ್ಲ. ಬೆಳಗಿನಿಂದ ಓಣಿಗೆಲ್ಲ ಕೇಳಿಸಿದ್ದ ಆ ದನಿಗಾಗಿ ನಾವೆಲ್ಲ ಕಾದೆವು.

ಟಂಟಂ ಎಂಜಿನ್ ಆರಿಸದೆ ನಿಂತಿತ್ತು. ಜ್ಯೋತಿ ಅಣ್ಣನಿಗೆ ಅದನ್ನು ಆರಿಸಲು ಹೇಳಿದಳು, ಅತ್ತೆಯ ಮಾತು ಕೇಳಿಸಬೇಕೆಂದು.